ಆವಾಜ್ ಬರುತ್ತದೆ, ಮಾತು ಬರುವುದಿಲ್ಲ: ಮನೆಯಲ್ಲೇ ಸ್ಪೀಕರ್ ಕಟ್ಟಿದ ಲೆಕ್ಕ

ಈ ವರ್ಷ ಜುಲೈನಿಂದ ಫಿಸಿಕ್ಸ್ ಲ್ಯಾಬಿನ ಬಾಗಿಲಲ್ಲಿ ಆಗಾಗ ನಿಂತಿರುವ ಕಾಮರ್ಸ್ ಹುಡುಗ ಯಾರು, ಅವನಿಗೆ ಅಲ್ಲೇನು ಕೆಲಸ ಎಂದು ಹಲವರು ಕೇಳಿದ್ದಾರೆ. ಆ ಹುಡುಗ ನಾನೇ. ಮಲ್ಟಿಮೀಟರ್ ಕೇಳಲು ಹೋಗುತ್ತಿದ್ದೆ. ಸರ್ ಮೊದಲ ದಿನ "ಅಕೌಂಟೆನ್ಸಿಗೆ ಇದು ಯಾಕಪ್ಪ?" ಎಂದರು. ಸ್ಪೀಕರ್ ಕಟ್ಟುತ್ತಿದ್ದೇನೆ ಎಂದಾಗ ಮೀಟರ್ ಜೊತೆಗೆ ಒಂದು ರೆಸಿಸ್ಟರನ್ನೂ ಕೊಟ್ಟರು. ಆ ರೆಸಿಸ್ಟರ್ ಇಲ್ಲದಿದ್ದರೆ ಈ ಲೇಖನವೂ ಇರುತ್ತಿರಲಿಲ್ಲ.

ಕಾರಣ ನಮ್ಮ ನಾನಾ. ಮೂಡಿಗೆರೆಯಿಂದ ಕಳಸಕ್ಕೆ ಹೋಗುವ ದಾರಿಯಲ್ಲಿ ಅವರ ಮನೆ. ಮುಂದಿನ ಪಡಸಾಲೆಗೆ ತಗಡಿನ ಮಾಡು. ಸಂಜೆ ಅಲ್ಲಿ ಕುಳಿತು ಭದ್ರಾವತಿ ಆಕಾಶವಾಣಿ ಕೇಳುವುದು, ನಂತರ ಒಂದೆರಡು ಗಝಲ್ ಹಾಕಿಸಿಕೊಳ್ಳುವುದು ಅವರ ಅಭ್ಯಾಸ. ಎರಡು ವರ್ಷದಿಂದ ಅವರಿಗೆ ಕಿವಿ ಮಂದವಾಗಿದೆ. ಡಾಕ್ಟರ್ ಬಳಿ ಪರೀಕ್ಷೆ ಮಾಡಿಸಿ ಕೊಡಿಸಿದ ಯಂತ್ರ ಕಿವಿಗಿಂತ ಹೆಚ್ಚಾಗಿ ಬೀರುವಿನಲ್ಲೇ ಇರುತ್ತದೆ. ಮಳೆಗಾಲದಲ್ಲಿ ತಗಡಿನ ಮೇಲೆ ಮಳೆ ಬಿದ್ದರೆ ನಮಗೇ ಪಕ್ಕದವರ ಮಾತು ಕೇಳುವುದಿಲ್ಲ. ನನ್ನ ಫೋನಿನ ಆ್ಯಪ್ 70 ಡೆಸಿಬೆಲ್ ತೋರಿಸಿತ್ತು. ನಾನು ಪ್ರತಿ ಸಲ ರೇಡಿಯೋ ಜೋರು ಮಾಡುತ್ತಿದ್ದೆ. ಒಂದು ದಿನ ಅವರು ಕೈ ಎತ್ತಿ ಬೇಡ ಎಂದರು. "ಅವಾಜ್ ಆತೈ ಬೇಟಾ, ಬಾತ್ ನೈ ಆತಿ." ಆವಾಜ್ ಬರುತ್ತದೆ, ಮಾತು ಬರುವುದಿಲ್ಲ.

ಹಾಗಾದರೆ ದೊಡ್ಡ ಸ್ಪೀಕರ್ ಬೇಕು ಎಂದು ನಾನು ತೀರ್ಮಾನ ಮಾಡಿಬಿಟ್ಟೆ. ಮಾಮುವಿನ ಅಂಗಡಿಯಲ್ಲಿ ಎರಡು ಸೀಸನ್ ಕಾಫಿ, ಮೆಣಸು ತೂಗಿ ಉಳಿಸಿದ ದುಡ್ಡಿನಲ್ಲಿ 3,200 ರೂಪಾಯಿ ಕೊಟ್ಟು 10 ಇಂಚಿನ ಒಂದು ವೂಫರ್ ತಂದೆ. ಅದರ ಮೇಲೆ 400 ವ್ಯಾಟ್ ಎಂದು ಬಂಗಾರದ ಬಣ್ಣದಲ್ಲಿ ಬರೆದಿತ್ತು. ಮನೆಯಲ್ಲಿದ್ದ ಹಳೆಯ ಹಲಗೆಯಿಂದ 25 ಲೀಟರಿನ ಪೆಟ್ಟಿಗೆ ಮಾಡಿ ಕೂರಿಸಿದೆ. ವಾರ್ತೆ ಓದುವವರ ದನಿ ಬಾವಿಯೊಳಗಿನಿಂದ ಬಂದ ಹಾಗೆ ಗುಂಯ್ ಎಂದಿತು. ನಾನಾ ಪಾಪ, ನನ್ನ ಮನಸ್ಸು ನೋಯಬಾರದೆಂದು ಹತ್ತು ನಿಮಿಷ ಕುಳಿತು ಕೇಳಿದರು. ಆಮೇಲೆ ನಮಾಜಿಗೆ ಹೊತ್ತಾಯಿತು ಎಂದು ಎದ್ದರು. ಹೊತ್ತಾಗಿರಲಿಲ್ಲ.

ಎಲ್ಲಿ ತಪ್ಪಿತು ಎಂದು ಹುಡುಕಲು ಹೋಗಿ ನಾನು ಕಲಿತದ್ದೇ ಈ ಲೇಖನ. ಸ್ಪೀಕರ್ ಕಟ್ಟುವ ಆಸೆ ನಮ್ಮ ಕಾಲೇಜಿನಲ್ಲಿ ಇನ್ನೂ ಕೆಲವರಿಗೆ ಇದೆ ಎಂದು ನನಗೆ ಗೊತ್ತು. 3,200 ರೂಪಾಯಿ ನನ್ನದೊಂದೇ ಹೋದರೆ ಸಾಕು.

ಮೊದಲು ಒಂದು ಶಬ್ದ. ಪೆಟ್ಟಿಗೆ ಸಮೇತ ಇಡೀ ವಸ್ತುವನ್ನು ಸ್ಪೀಕರ್ ಎನ್ನುತ್ತೇವೆ. ಪೆಟ್ಟಿಗೆಯಲ್ಲಿ ಕೂರುವ ದುಂಡನೆಯ ಭಾಗಕ್ಕೆ ಡ್ರೈವರ್ ಎಂದು ಹೆಸರು. ದಪ್ಪ ಸ್ವರಗಳಿಗೆ ವೂಫರ್, ತೆಳು ಸ್ವರಗಳಿಗೆ ಟ್ವೀಟರ್, ಎರಡೂ ಡ್ರೈವರ್‌ಗಳೇ. ಒಳಗಿನ ಏರ್ಪಾಡು ಬಹಳ ಸರಳ. ಹಿಂದೆ ಒಂದು ಅಯಸ್ಕಾಂತ. ಅದರ ಸಂದಿನಲ್ಲಿ ತಾಮ್ರದ ತಂತಿಯ ಸಣ್ಣ ಸುರುಳಿ, ಅದೇ ವಾಯ್ಸ್ ಕಾಯಿಲ್. ಸುರುಳಿಗೆ ಅಂಟಿಕೊಂಡ ಶಂಕು, ಅಂದರೆ ಕೋನ್. ಕೋನಿನ ಹೊರ ಅಂಚನ್ನು ಸರೌಂಡ್ ಎಂಬ ಮೆತ್ತನೆಯ ಬಳೆ ಹಿಡಿದಿರುತ್ತದೆ, ಬುಡವನ್ನು ಸ್ಪೈಡರ್ ಎಂಬ ನಿರಿಗೆ ಬಟ್ಟೆ. ಆಂಪ್ಲಿಫೈಯರಿನ ಕರೆಂಟ್ ಸುರುಳಿಯಲ್ಲಿ ಹರಿದಾಗ ಅಯಸ್ಕಾಂತ ಅದನ್ನು ತಳ್ಳುತ್ತದೆ, ಎಳೆಯುತ್ತದೆ. ಕೋನ್ ಗಾಳಿಯನ್ನು ತಳ್ಳುತ್ತದೆ. ಇಂದಿನ ರೂಪದ ಈ ಡ್ರೈವರನ್ನು ಅಮೆರಿಕದ ಜನರಲ್ ಎಲೆಕ್ಟ್ರಿಕ್‌ನ ಚೆಸ್ಟರ್ ರೈಸ್ ಮತ್ತು ಎಡ್ವರ್ಡ್ ಕೆಲಾಗ್ 1925ರಲ್ಲಿ ವಿವರಿಸಿದರು. ನೂರು ವರ್ಷವಾದರೂ ಮೂಲ ತತ್ವ ಹಾಗೇ ಇದೆ.

ಈಗ ವ್ಯಾಟ್ ವಿಷಯ. ನಮ್ಮಲ್ಲಿ ಎಲ್ಲರೂ ಮೊದಲು ಕೇಳುವುದು ಅದನ್ನೇ. ಡ್ರೈವರಿನ ಮೇಲೆ ಬರೆದ ವ್ಯಾಟ್ ಅದು ಎಷ್ಟು ಶಬ್ದ ಕೊಡುತ್ತದೆ ಎಂಬುದಲ್ಲ, ಸುರುಳಿ ಸುಟ್ಟುಹೋಗದೆ ಎಷ್ಟು ತಾಳಿಕೊಳ್ಳುತ್ತದೆ ಎಂಬುದು. ಶಬ್ದ ಎಷ್ಟು ಎಂದು ಹೇಳುವ ಅಂಕಿ ಬೇರೆ, ಅದಕ್ಕೆ ಸೆನ್ಸಿಟಿವಿಟಿ ಎನ್ನುತ್ತಾರೆ: 1 ವ್ಯಾಟ್ ಕೊಟ್ಟು 1 ಮೀಟರ್ ದೂರದಲ್ಲಿ ಅಳೆದರೆ ಎಷ್ಟು ಡೆಸಿಬೆಲ್. ಮನೆ ಬಳಕೆಯ ಡ್ರೈವರ್‌ಗಳಲ್ಲಿ 86 ಸಾಮಾನ್ಯ. ಕಾಮರ್ಸ್ ಭಾಷೆಯಲ್ಲಿ ಹೇಳುವುದಾದರೆ ಇದು ಬಂಡವಾಳದ ಮೇಲಿನ ಆದಾಯ. 86 ಡೆಸಿಬೆಲ್ ಎಂದರೆ ಕೊಟ್ಟ ವಿದ್ಯುತ್ತಿನಲ್ಲಿ ಶಬ್ದವಾಗುವುದು ಸುಮಾರು ಶೇಕಡಾ 0.25. ನೂರು ರೂಪಾಯಿ ಹಾಕಿದರೆ 25 ಪೈಸೆ ವಾಪಸ್ಸು, ಉಳಿದದ್ದೆಲ್ಲ ಬಿಸಿ. ನಾನು ಈ ಲೆಕ್ಕ ಮಾಡಿದ ದಿನ ನಂಬಲಾಗದೆ ಮತ್ತೊಮ್ಮೆ ಮಾಡಿದೆ.

ವ್ಯಾಟ್ ಎರಡು ಪಟ್ಟು ಮಾಡಿದರೆ ಸಿಗುವುದು 3 ಡೆಸಿಬೆಲ್ ಮಾತ್ರ. ಕಿವಿಗೆ ಸುಮಾರು ಎರಡರಷ್ಟು ಜೋರು ಎನಿಸಬೇಕಾದರೆ ಹತ್ತು ಪಟ್ಟು ವ್ಯಾಟ್ ಬೇಕು. ಹಾಗಾಗಿ 83ರ ಡ್ರೈವರ್ ತಂದವನು 86ರದ್ದು ತಂದವನಿಗಿಂತ ಎರಡು ಪಟ್ಟು ದೊಡ್ಡ ಆಂಪ್ಲಿಫೈಯರ್ ಇಟ್ಟುಕೊಳ್ಳಬೇಕು. ನಮ್ಮ ಮನೆಯಲ್ಲಿದ್ದದ್ದು ಒಂದು ಬದಿಗೆ 20 ವ್ಯಾಟಿನ ಹಳೆಯದು. 86ರ ಡ್ರೈವರಿಗೆ ಅದೇ ಧಾರಾಳ: 1 ಮೀಟರಿನಲ್ಲಿ 99 ಡೆಸಿಬೆಲ್, ಎರಡೂವರೆ ಮೀಟರ್ ದೂರದ ನಾನಾ ಕುರ್ಚಿಯಲ್ಲೂ 90ರ ಆಚೀಚೆ. ಮಳೆ 70. ಜೋರು ಎಂದೂ ಸಮಸ್ಯೆಯೇ ಆಗಿರಲಿಲ್ಲ.

ಹಾಗಾದರೆ ಮಸೀದಿಯ ಮಿನಾರಿನ ಹಾರ್ನ್ ಅಷ್ಟು ದೂರ ಹೇಗೆ ಕೇಳುತ್ತದೆ ಎಂದು ನನ್ನ ಗೆಳೆಯ ಕೇಳಿದ. ಒಳ್ಳೆಯ ಪ್ರಶ್ನೆ. ಹಾರ್ನ್ ಒಳಗಿನ ಡ್ರೈವರ್ ಚಿಕ್ಕದು. ಅದರ ಬಾಯಿಯಿಂದ ನಿಧಾನವಾಗಿ ಅಗಲವಾಗುವ ಕೊಳವೆ ಕೋನ್ ಮತ್ತು ಹೊರಗಿನ ಗಾಳಿಯ ನಡುವೆ ಗೇರ್ ಹಾಗೆ ಕೆಲಸ ಮಾಡುತ್ತದೆ. ಆದ್ದರಿಂದ ಅದೇ ವ್ಯಾಟಿಗೆ ಎಷ್ಟೋ ಹೆಚ್ಚು ಶಬ್ದ, ಅದೂ ಒಂದೇ ದಿಕ್ಕಿಗೆ. ಆದರೆ ಆ ಅಳತೆಯ ಹಾರ್ನಿಗೆ ದಪ್ಪ ಸ್ವರ ಬರುವುದಿಲ್ಲ. ಕರೆಯಲು ಅದು ಸರಿ, ಪಡಸಾಲೆಯಲ್ಲಿ ಕುಳಿತು ಗಝಲ್ ಕೇಳಲು ಅಲ್ಲ.

ನನ್ನ 10 ಇಂಚಿನ ವೂಫರ್ ಏಕೆ ಗುಂಯ್ ಎಂದಿತು? ಇದಕ್ಕೆ ಉತ್ತರ ಮೂರು ಅಂಕಿಗಳಲ್ಲಿದೆ. ಇವನ್ನು ಥೀಲ್-ಸ್ಮಾಲ್ ಅಂಕಿಗಳು ಎನ್ನುತ್ತಾರೆ. ಆಸ್ಟ್ರೇಲಿಯಾದಲ್ಲಿ ನೆವಿಲ್ ಥೀಲ್ 1961ರಲ್ಲಿ ಒಂದು ಪ್ರಬಂಧ ಬರೆದರು. ರಿಚರ್ಡ್ ಸ್ಮಾಲ್ 1970ರ ದಶಕದ ಆರಂಭದಲ್ಲಿ ಅದನ್ನು ಬೆಳೆಸಿದರು. ಅದಕ್ಕೂ ಮೊದಲು ಪೆಟ್ಟಿಗೆಯ ಅಳತೆ ಬಹುಮಟ್ಟಿಗೆ ಅಂದಾಜಿನ ಮೇಲೆ ನಿಂತಿತ್ತು. ಇವರ ನಂತರ ಪೆಟ್ಟಿಗೆ ಮಾಡುವ ಮೊದಲೇ ಕಾಗದದ ಮೇಲೆ ಅದರ ದಪ್ಪ ಸ್ವರ ಹೇಗಿರುತ್ತದೆ ಎಂದು ಹೇಳಬಹುದಾಯಿತು.

ನಮ್ಮ ಕಡೆಯವರಿಗೆ ಇದು ಹೊಸದೇನಲ್ಲ. ಕಾಫಿ ಕೊಳ್ಳುವವರು ಚೀಲ ನೋಡಿ ಬೆಲೆ ಹೇಳುತ್ತಾರೆಯೇ? ಸ್ಯಾಂಪಲ್ ತೆಗೆದು, ಸುಲಿದು, ಸಣ್ಣ ತಕ್ಕಡಿಯಲ್ಲಿ ತೂಗಿ ಔಟ್‌ಟರ್ನ್ ನೋಡಿದ ಮೇಲೆಯೇ ಮಾತು. ಡ್ರೈವರಿಗೂ ಹಾಗೆ ಔಟ್‌ಟರ್ನ್ ಉಂಟು. 400 ವ್ಯಾಟ್ ಎನ್ನುವುದು ಚೀಲದ ಮೇಲಿನ ಬರಹ.

ಮೊದಲನೆಯ ಅಂಕಿ, ಡ್ರೈವರಿನ ಸ್ವಂತ ಕಂಪನ. ಎಫ್‌ಎಸ್ ಎಂದು ಬರೆದಿರುತ್ತಾರೆ. ಕೋನನ್ನು ಮೆಲ್ಲಗೆ ತಟ್ಟಿದರೆ ಅದು ಯಾವ ಸ್ವರದಲ್ಲಿ ಅಲುಗುತ್ತದೋ ಅದು. ಅದಕ್ಕಿಂತ ಕೆಳಗೆ ಡ್ರೈವರಿಗೆ ಶಕ್ತಿ ಸಾಲದು.

ಎರಡನೆಯದು ವಿಎಎಸ್. ಕೋನ್ ಎಷ್ಟು ಮೆತ್ತಗೆ ತೂಗುತ್ತದೆ ಎಂಬುದನ್ನು ಗಾಳಿಯ ಲೀಟರ್ ಲೆಕ್ಕದಲ್ಲಿ ಹೇಳುವುದು. ಮುಚ್ಚಿದ ಪೆಟ್ಟಿಗೆಯೊಳಗಿನ ಗಾಳಿಯೂ ಒಂದು ಸ್ಪ್ರಿಂಗ್. ಸೈಕಲ್ ಪಂಪಿನ ತೂತು ಮುಚ್ಚಿ ಒತ್ತಿದವರಿಗೆ ಇದು ಗೊತ್ತು. ಪೆಟ್ಟಿಗೆ ಚಿಕ್ಕದಾದಷ್ಟೂ ಆ ಸ್ಪ್ರಿಂಗ್ ಬಿಗಿ. ಎಡ್ಗರ್ ವಿಲ್ಚರ್ ಎಂಬ ಅಮೆರಿಕನ್ ಇದೇ ಗಾಳಿಯನ್ನು ಸ್ಪ್ರಿಂಗ್ ಆಗಿ ಬಳಸಿ 1954ರಲ್ಲಿ ಚಿಕ್ಕ ಪೆಟ್ಟಿಗೆಯಿಂದ ದಪ್ಪ ಸ್ವರ ತೆಗೆದು ತೋರಿಸಿದರು.

ಮೂರನೆಯದು ಕ್ಯೂಟಿಎಸ್. ನನ್ನನ್ನು ಮುಳುಗಿಸಿದ್ದು ಇದೇ. ಎಸ್ಟೇಟ್ ರಸ್ತೆಯಲ್ಲಿ ಜೀಪಿನಲ್ಲಿ ಹೋಗುವಾಗ ಷಾಕ್ ಅಬ್ಸಾರ್ಬರ್ ಚೆನ್ನಾಗಿದ್ದರೆ ಗುಂಡಿಗೆ ಇಳಿದು ಎದ್ದು ಜೀಪ್ ಸುಮ್ಮನಾಗುತ್ತದೆ. ಅದು ಸವೆದಿದ್ದರೆ ಗುಂಡಿ ದಾಟಿದ ಮೇಲೂ ಕುಪ್ಪಳಿಸುತ್ತಲೇ ಇರುತ್ತದೆ. ಕೋನಿಗೆ ಆ ಕೆಲಸ ಮಾಡುವುದು ಹೆಚ್ಚಾಗಿ ಅಯಸ್ಕಾಂತ. ಹಿಡಿತ ಬಲವಾಗಿದ್ದರೆ ಕ್ಯೂಟಿಎಸ್ ಕಡಿಮೆ, ಸಡಿಲವಾಗಿದ್ದರೆ ಹೆಚ್ಚು. ಪೆಟ್ಟಿಗೆಯಲ್ಲಿ ಕೂರಿಸಿದ ಮೇಲೆ ಈ ಅಂಕಿ ಏರುತ್ತದೆ, ಇಳಿಯುವುದಿಲ್ಲ. ಏರಿದ ಮೇಲೆ 0.7 ಸುತ್ತಮುತ್ತ ನಿಂತರೆ ದಪ್ಪ ಸ್ವರ ಸಮವಾಗಿ ಬರುತ್ತದೆ. 1 ದಾಟಿದರೆ ಒಂದೇ ಸ್ವರ ಎದ್ದು ಕುಣಿಯುತ್ತದೆ.

ಎಷ್ಟು ಏರುತ್ತದೆ ಎಂಬ ಲೆಕ್ಕ ಸುಲಭ. ವಿಎಎಸ್ ಅನ್ನು ಪೆಟ್ಟಿಗೆಯ ಲೀಟರಿನಿಂದ ಭಾಗಿಸಿ, 1 ಕೂಡಿಸಿ, ವರ್ಗಮೂಲ ತೆಗೆಯಿರಿ. ಬಂದದ್ದರಿಂದ ಕ್ಯೂಟಿಎಸ್ ಗುಣಿಸಿದರೆ ಪೆಟ್ಟಿಗೆಯೊಳಗಿನ ಕ್ಯೂ, ಎಫ್‌ಎಸ್ ಗುಣಿಸಿದರೆ ಪೆಟ್ಟಿಗೆಯೊಳಗಿನ ಕಂಪನ. ನನ್ನ ಬಂಗಾರದ ಬರಹದ ವೂಫರನ್ನು ಲ್ಯಾಬಿನಲ್ಲಿ ಅಳೆದಾಗ ಎಫ್‌ಎಸ್ 38 ಹರ್ಟ್ಸ್, ವಿಎಎಸ್ 60 ಲೀಟರ್, ಕ್ಯೂಟಿಎಸ್ 0.9. ಪೆಟ್ಟಿಗೆ 25 ಲೀಟರ್. 60 ಭಾಗಿಸು 25, 2.4. ಕೂಡಿಸು 1, 3.4. ವರ್ಗಮೂಲ 1.84. ಅಂದರೆ ಕ್ಯೂ 1.66, ಕಂಪನ 70 ಹರ್ಟ್ಸ್. 70ರ ಬಳಿ ಹೆಚ್ಚುಕಡಿಮೆ 5 ಡೆಸಿಬೆಲಿನ ಗುಡ್ಡ. ಗಂಡಸಿನ ದನಿಯ ಮೂಲ ಸ್ವರ ಸುಮಾರು 100 ಹರ್ಟ್ಸ್, ಅದು ಈ ಗುಡ್ಡದ ಇಳಿಜಾರಿನಲ್ಲೇ ಬರುತ್ತದೆ. ವಾರ್ತೆ ಬಾವಿಗೆ ಬಿದ್ದದ್ದು ಹೀಗೆ.

ದೊಡ್ಡ ಪೆಟ್ಟಿಗೆ ಮಾಡಿದರೆ? ಬೀರುವಿನಷ್ಟು ದೊಡ್ಡದು ಮಾಡಿದರೂ ಕ್ಯೂ 0.9ಕ್ಕಿಂತ ಕೆಳಗೆ ಬಾರದು. ಅದು ಕೆಟ್ಟ ಡ್ರೈವರ್ ಎಂದು ನಾನು ಹೇಳುವುದಿಲ್ಲ. ಕಾರಿನ ಹಿಂದಿನ ಹಲಗೆಗೆ, ಡಿಕ್ಕಿಯ ಗಾಳಿಯನ್ನೇ ಪೆಟ್ಟಿಗೆಯಾಗಿ ಬಳಸುವ ಕಡೆಗೆ ಇಂಥ ಡ್ರೈವರ್ ಮಾಡುತ್ತಾರೆ. ಅಂಗಡಿಯವರು ನನಗೆ ಸುಳ್ಳು ಹೇಳಲಿಲ್ಲ. ನಾನು ವ್ಯಾಟ್ ಕೇಳಿದೆ, ಅವರು ವ್ಯಾಟ್ ಹೇಳಿದರು.

ಅಳೆಯುವುದು ಹೇಗೆ ಎಂದು ಹೇಳುತ್ತೇನೆ, ಏಕೆಂದರೆ ಅಗ್ಗದ ಡ್ರೈವರ್‌ಗಳ ಜೊತೆ ಈ ಅಂಕಿಗಳ ಚೀಟಿ ಸಿಗುವುದಿಲ್ಲ. ಬೇಕಾದದ್ದು ಆಂಪ್ಲಿಫೈಯರ್, ಫೋನಿನಲ್ಲಿ ಸ್ವರ ಹೊರಡಿಸುವ ಉಚಿತ ಆ್ಯಪ್, ಮಲ್ಟಿಮೀಟರ್, 1,000 ಓಮ್ ರೆಸಿಸ್ಟರ್. ರೆಸಿಸ್ಟರನ್ನು ಡ್ರೈವರಿನ ಜೊತೆ ಸಾಲಾಗಿ ಸೇರಿಸಿದರೆ ಡ್ರೈವರಿನಲ್ಲಿ ಹರಿಯುವ ಕರೆಂಟ್ ಹೆಚ್ಚುಕಡಿಮೆ ಒಂದೇ ಸಮನಾಗಿರುತ್ತದೆ. ಆಗ ಡ್ರೈವರಿನ ಎರಡು ತುದಿಯ ವೋಲ್ಟೇಜ್ ಅದರ ಓಮನ್ನೇ ತೋರಿಸುತ್ತದೆ. ಫೋನಿನಲ್ಲಿ 20 ಹರ್ಟ್ಸಿನಿಂದ ಮೇಲಕ್ಕೆ ಹೋಗುತ್ತಾ ಮೀಟರ್ ನೋಡಿ. ವೋಲ್ಟೇಜ್ ಅತಿ ಹೆಚ್ಚಾಗುವ ಜಾಗವೇ ಎಫ್‌ಎಸ್. ಅಗ್ಗದ ಮೀಟರ್‌ಗಳು ಮನೆಯ 50 ಹರ್ಟ್ಸ್ ಕರೆಂಟಿಗಾಗಿಯೇ ಮಾಡಿದ್ದರಿಂದ ವೂಫರಿಗೆ ಸಾಕಾಗುತ್ತವೆ. ಟ್ವೀಟರಿಗೆ ಅವನ್ನು ನಂಬಬೇಡಿ.

ನಾನು ಎರಡನೇ ಸಲ ಕೊಂಡ ಆರೂವರೆ ಇಂಚಿನ ವೂಫರಿನ ಲೆಕ್ಕವನ್ನೇ ಕೊಡುತ್ತೇನೆ. ಸುಮ್ಮನಿದ್ದಾಗ ಅದರ ಓಮ್ 6. 48 ಹರ್ಟ್ಸಿನ ಶಿಖರದಲ್ಲಿ 54. ಅಂದರೆ 9 ಪಟ್ಟು. 6ನ್ನು 54ರಿಂದ ಗುಣಿಸಿ ವರ್ಗಮೂಲ ತೆಗೆದರೆ 18. ಶಿಖರದ ಎರಡೂ ಬದಿಯಲ್ಲಿ 18 ಓಮ್ ಎಲ್ಲಿ ಬರುತ್ತದೆ ಎಂದು ಹುಡುಕಿದೆ: 33 ಮತ್ತು 71 ಹರ್ಟ್ಸ್, ವ್ಯತ್ಯಾಸ 38. ಈಗ 48ನ್ನು 9ರ ವರ್ಗಮೂಲ 3ರಿಂದ ಗುಣಿಸಿ 38ರಿಂದ ಭಾಗಿಸಿದರೆ 3.79. ಅದನ್ನು 9ರಿಂದ ಭಾಗಿಸಿದರೆ 0.42. ಅದೇ ಕ್ಯೂಟಿಎಸ್. ಅಕೌಂಟೆನ್ಸಿಯ ಫೈನಲ್ ಅಕೌಂಟ್ಸ್‌ಗಿಂತ ಇದು ಸುಲಭ ಎಂದು ನನ್ನ ಅಭಿಪ್ರಾಯ.

ವಿಎಎಸ್ ಅಳೆಯಲು ಕೋನಿಗೆ ಗೊತ್ತಿರುವ ತೂಕ ಅಂಟಿಸಿ ಎಫ್‌ಎಸ್ ಎಷ್ಟು ಇಳಿಯುತ್ತದೆ ಎಂದು ನೋಡಬೇಕು. ಮೊದಲು ಒಂದು ರೂಪಾಯಿ ನಾಣ್ಯಗಳನ್ನು ಇಡಲು ಹೋದೆ. ನಮ್ಮ ಈಗಿನ ಒಂದು ರೂಪಾಯಿ ಅಯಸ್ಕಾಂತಕ್ಕೆ ಅಂಟುವ ಸ್ಟೀಲಿನದು, ಹಿಂದಿನ ಅಯಸ್ಕಾಂತ ಅದನ್ನು ಎಳೆದು ಲೆಕ್ಕವೆಲ್ಲ ಕೆಟ್ಟಿತು. ಆಮೇಲೆ ತಮ್ಮನ ಆಟದ ಮೇಣವನ್ನು ಮಾಮುವಿನ ಸ್ಯಾಂಪಲ್ ತಕ್ಕಡಿಯಲ್ಲಿ 10 ಗ್ರಾಂ ತೂಗಿ ಅಂಟಿಸಿದೆ. 48 ಇದ್ದದ್ದು 38ಕ್ಕೆ ಇಳಿಯಿತು. ಇದರಿಂದ ಕೋನಿನ ತೂಕ ಸುಮಾರು 17 ಗ್ರಾಂ ಎಂದೂ, ಕೋನಿನ ಅಗಲ ಸೇರಿಸಿ ಲೆಕ್ಕ ಹಾಕಿದಾಗ ವಿಎಎಸ್ 17 ಲೀಟರ್ ಎಂದೂ ಬಂತು. ಎರಡೂ 17 ಬಂದದ್ದು ಕಾಕತಾಳೀಯ.

0.42ನ್ನು 0.7ಕ್ಕೆ ಏರಿಸಲು ಬೇಕಾದ ಪೆಟ್ಟಿಗೆ 9.3 ಲೀಟರ್. ಡ್ರೈವರ್ ಮತ್ತು ಒಳಗಿನ ಪಟ್ಟಿಗಳೂ ಸ್ವಲ್ಪ ಜಾಗ ತಿನ್ನುವುದರಿಂದ ಒಳ ಅಳತೆ 18, 20, 28 ಸೆಂಟಿಮೀಟರ್ ಇಟ್ಟೆ, ಸುಮಾರು 10 ಲೀಟರ್. ಕಂಪನ 81 ಹರ್ಟ್ಸಿಗೆ ನಿಂತಿತು. ಅದಕ್ಕಿಂತ ಕೆಳಗಿನ ಸ್ವರ ನಿಧಾನವಾಗಿ ಕಡಿಮೆಯಾಗುತ್ತದೆ. ತಬಲಾದ ಬಾಯಾ ಸ್ವಲ್ಪ ತೆಳುವಾಗುತ್ತದೆ, ಒಪ್ಪುತ್ತೇನೆ. ಪೆಟ್ಟಿಗೆಗೆ ಕೊಳವೆ ಇಟ್ಟರೆ ಇನ್ನೂ ಕೆಳಗೆ ಹೋಗಬಹುದಿತ್ತು, ಆದರೆ ಆ ಲೆಕ್ಕ ನಾಜೂಕು, ತಪ್ಪಿದರೆ ಮತ್ತೆ ಗುಂಯ್. ಅದಲ್ಲದೆ ನಮ್ಮ ಕಡೆ ಯಾವ ತೂತು ಬಿಟ್ಟರೂ ಒಂದು ತಿಂಗಳಲ್ಲಿ ಕಣಜ ಮಣ್ಣಿನ ಗೂಡು ಕಟ್ಟುತ್ತದೆ. ಮುಚ್ಚಿದ್ದೇ ಸರಿ ಎಂದುಕೊಂಡೆ. ಗೋಡೆಯ ಹತ್ತಿರ ಇಟ್ಟರೆ ದಪ್ಪ ಸ್ವರಕ್ಕೆ ಗೋಡೆಯೇ ಸ್ವಲ್ಪ ಸಹಾಯ ಮಾಡುತ್ತದೆ.

ಮಲೆನಾಡಿನವರು ಗಮನಿಸಬೇಕಾದ ಬೇರೆ ಮಾತುಗಳಿವೆ. ಪೆಟ್ಟಿಗೆಗೆ ಎಲ್ಲೆಡೆ ಎಂಡಿಎಫ್ ಹೇಳುತ್ತಾರೆ. ಅದು ಭಾರ, ಸಮ, ಕೊಯ್ಯಲು ಸುಲಭ, ಎಲ್ಲ ನಿಜ. ಆದರೆ ಜೂನ್‌ನಿಂದ ಸೆಪ್ಟೆಂಬರ್ ತನಕ ಬಟ್ಟೆ ಒಣಗದ ಊರಿನಲ್ಲಿ ಅದರ ಅಂಚು ನೀರು ಕುಡಿದು ಬಿಸ್ಕತ್ತಿನ ಹಾಗೆ ಊದುತ್ತದೆ. ನಾನು 18 ಮಿಲಿಮೀಟರಿನ ಐಎಸ್ 710 ಮುದ್ರೆಯ ಪ್ಲೈವುಡ್ ತಂದೆ. ನೀರಿಗೆ ತಾಳುವ ಅಂಟಿನಿಂದ ಮಾಡಿದ್ದು ಅದು. ನಮ್ಮ ತೋಟಗಳಲ್ಲಿ ನೆರಳಿಗೆ ಬೆಳೆಸುವ ಸಿಲ್ವರ್ ಓಕ್ ಕಡಿದಾಗ ಅದೂ ಪ್ಲೈವುಡ್ ಕಾರ್ಖಾನೆಗೇ ಹೋಗುತ್ತದೆ. ಕಾಫಿ ಗಿಡದ ನೆರಳು ಯಾರದೋ ಸ್ಪೀಕರ್ ಆಗಿರಬಹುದು.

ಡ್ರೈವರಿನಲ್ಲಿ ಸರೌಂಡ್ ಯಾವುದು ಎಂದು ಬೆರಳಿಟ್ಟು ನೋಡಿ. ಸ್ಪಂಜಿನ ಸರೌಂಡ್ ತೇವದಲ್ಲಿ ಕೆಲವೇ ವರ್ಷಗಳಲ್ಲಿ ಪುಡಿಪುಡಿಯಾಗುತ್ತದೆ. ಹಳೆಯ ಸ್ಪೀಕರ್ ಬಿಚ್ಚಿದವರು ಆ ಕಪ್ಪು ಪುಡಿ ಕಂಡಿರುತ್ತಾರೆ. ರಬ್ಬರ್ ಬಾಳುತ್ತದೆ. ಕೋನ್ ಕಾಗದದ್ದಾದರೆ ಲೇಪ ಇರುವಂಥದ್ದೇ ಬೇಕು. ನಾನು ಪಾಲಿಪ್ರೊಪಿಲೀನ್ ಕೋನ್, ರಬ್ಬರ್ ಸರೌಂಡ್ ಆಯ್ದುಕೊಂಡೆ. ಇಂಥ ಬಿಡಿ ಡ್ರೈವರ್‌ಗಳಿಗೆ ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋಗುವುದೇ ವಾಸಿ. ಒಂದು ದಿನದ ಬಸ್ ಚಾರ್ಜ್ ಆದರೂ ಕೈಯಲ್ಲಿ ಹಿಡಿದು ನೋಡಬಹುದು. ಹೈ ಎಂಡ್ ಸ್ಪೀಕರ್ ಎಂದರೆ ವಿದೇಶದ್ದೇ ಆಗಬೇಕು ಎನ್ನುವವರಿಗೆ ಕೊಚ್ಚಿಯ ರೆಥಮ್ ಹೆಸರು ಹೇಳುತ್ತೇನೆ. ಜೇಕಬ್ ಜಾರ್ಜ್ ಎಂಬ ವಾಸ್ತುಶಿಲ್ಪಿ ಕಟ್ಟಿದ ಸಂಸ್ಥೆ ಅದು, ಅದರ ಸ್ಪೀಕರ್‌ಗಳು ಹೊರದೇಶಗಳಿಗೆ ಹೋಗುತ್ತವೆ. ಕೊಚ್ಚಿಯಲ್ಲೂ ಮಳೆ ಕಡಿಮೆ ಏನಿಲ್ಲ.

ಇಷ್ಟರಲ್ಲಿ ಗುಂಯ್ ಹೋಗಿತ್ತು. ಆದರೆ ನಾನಾ ಹೇಳಿದ "ಬಾತ್" ಇನ್ನೂ ಬಂದಿರಲಿಲ್ಲ. ಅದು ಇರುವುದು ಬೇರೆ ಕಡೆ. ಮಾತಿನಲ್ಲಿ ಆ, ಈ, ಊ ಮುಂತಾದ ಸ್ವರಗಳ ಬಲ ಹೆಚ್ಚಾಗಿ ಕೆಳಗಿನ ಭಾಗದಲ್ಲಿದೆ. ಅವು ಆವಾಜ್. ಒಂದು ಪದವನ್ನು ಇನ್ನೊಂದರಿಂದ ಬೇರೆ ಮಾಡುವ ಸ, ಶ, ಚ, ತ ಇವು 2,000ದಿಂದ 8,000 ಹರ್ಟ್ಸಿನ ನಡುವೆ ಬಹಳ ಸಣ್ಣಗೆ ಇರುತ್ತವೆ. ವಯಸ್ಸಾದವರ ಕಿವಿ ಮೊದಲು ಕಳೆದುಕೊಳ್ಳುವುದೂ ಆ ಮೇಲಿನ ಭಾಗವನ್ನೇ. ತಗಡಿನ ಮಳೆ ಮುಚ್ಚಿಹಾಕುವುದೂ ಅದನ್ನೇ. ಜೋರು ಮಾಡಿದಷ್ಟೂ ಆ, ಈ, ಊ ಬೆಳೆದು ಉಳಿದ ಅಕ್ಷರಗಳ ಮೇಲೆ ಕೂರುತ್ತಿದ್ದವು.

ಆದ್ದರಿಂದ ಟ್ವೀಟರ್ ಮುಖ್ಯ, ವೂಫರ್ ಎಲ್ಲಿ ನಿಲ್ಲಿಸಿ ಟ್ವೀಟರ್ ಎಲ್ಲಿ ಶುರುವಾಗುತ್ತದೆ ಎಂಬುದು ಅದಕ್ಕಿಂತ ಮುಖ್ಯ. ಕೋನಿನ ಅಗಲ ಶಬ್ದದ ಅಲೆಯಷ್ಟಾದಾಗ ಆ ಶಬ್ದ ಟಾರ್ಚ್ ಬೆಳಕಿನ ಹಾಗೆ ನೇರ ಮುಂದಕ್ಕೆ ಮಾತ್ರ ಹೋಗತೊಡಗುತ್ತದೆ. ನನ್ನ ವೂಫರಿನ ಕೋನ್ 13 ಸೆಂಟಿಮೀಟರ್, ಆ ಅಳತೆಯ ಅಲೆ ಸುಮಾರು 2,600 ಹರ್ಟ್ಸಿನದು. ಟ್ವೀಟರಿನ ಸ್ವಂತ ಕಂಪನಕ್ಕಿಂತ ಕನಿಷ್ಠ ಎರಡು ಪಟ್ಟು ಮೇಲಿರಬೇಕು ಎಂಬುದು ಇನ್ನೊಂದು ಮಿತಿ. ಎರಡೂ ನೋಡಿ 2,500ಕ್ಕೆ ಗಡಿ ಹಾಕಿದೆ. ಗಡಿ ಕಾಯುವುದು ಕ್ರಾಸ್‌ಓವರ್, ಅಂದರೆ ಕೆಪಾಸಿಟರ್ ಮತ್ತು ಕಾಯಿಲ್. ಸೀಗ್‌ಫ್ರೀಡ್ ಲಿಂಕ್‌ವಿಟ್ಸ್ ಮತ್ತು ರಸ್ ರೈಲಿ ಹೆಸರಿನ ಪದ್ಧತಿಯಲ್ಲಿ 8 ಓಮ್ ಹಿಡಿದು ಲೆಕ್ಕ ಹಾಕಿದರೆ ಬಂದದ್ದು 3.98 ಮೈಕ್ರೋಫ್ಯಾರಡ್, 1.02 ಮಿಲಿಹೆನ್ರಿ. ಡ್ರೈವರಿನ ಓಮ್ ಎಲ್ಲ ಸ್ವರದಲ್ಲೂ 8 ಇರುವುದಿಲ್ಲ, ಹಾಗಾಗಿ ಇದು ಆರಂಭದ ಲೆಕ್ಕ ಮಾತ್ರ, ಕೇಳಿ ತಿದ್ದಬೇಕು.

ಆಡಿಯೋ ಕೆಪಾಸಿಟರ್ ಎಂದರೆ ಬೆಲೆ ಕೇಳಲಾಗದು. ಆದರೆ 4 ಮೈಕ್ರೋಫ್ಯಾರಡ್ ಎಂದಾಗ ನನಗೆ ಮನೆಯ ಫ್ಯಾನ್ ನೆನಪಾಯಿತು. ಫ್ಯಾನಿನ ಕೆಪಾಸಿಟರ್ ಒಳಗೂ ಪಾಲಿಪ್ರೊಪಿಲೀನ್ ಪದರವೇ ಇರುವುದು, ಮೇಲೆ 4 ಎಂಎಫ್‌ಡಿ ಎಂದೇ ಬರೆದಿರುತ್ತದೆ, 440 ವೋಲ್ಟ್ ತಾಳುತ್ತದೆ. ಯಾವ ಎಲೆಕ್ಟ್ರಿಕಲ್ ಅಂಗಡಿಯಲ್ಲೂ ಇದೆ, ನನಗೆ ಒಂದಕ್ಕೆ 70 ರೂಪಾಯಿ ಬಿತ್ತು. ಕಾಯಿಲ್‌ಗಳನ್ನು ಪಂಪ್‌ಸೆಟ್ ಮೋಟಾರ್ ಸುತ್ತುವವರ ಬಳಿ ಸುತ್ತಿಸಿದೆ. ಇಷ್ಟು ಸಣ್ಣ ಮೋಟಾರ್ ಯಾವುದು ಎಂದು ಅವರು ನಕ್ಕರು.

ಆಗಸ್ಟಿನಲ್ಲಿ ಎಲ್ಲ ಜೋಡಿಸಿ ನಾನಾ ಮನೆಗೆ ಒಯ್ದೆ. ಈ ಸಲ ಅವರ ಮುಖ ನೋಡಿ ಅಂದಾಜು ಮಾಡುವುದು ಬೇಡ ಎಂದು ಒಂದು ಪರೀಕ್ಷೆ ಮಾಡಿದೆ. ಸುತ್ತಲಿನ 20 ಊರುಗಳ ಹೆಸರನ್ನು ನನ್ನ ದನಿಯಲ್ಲೇ ರೆಕಾರ್ಡ್ ಮಾಡಿದೆ: ಬಣಕಲ್, ಬಾಳೂರು, ಜಾವಳಿ, ಸಂಸೆ, ಕೊಟ್ಟಿಗೆಹಾರ, ಗೋಣಿಬೀಡು, ಹೊರನಾಡು ಹೀಗೆ. ಮಳೆ ಬರುವಾಗ ಹಾಕಿ, ಕೇಳಿದ್ದನ್ನು ಹೇಳಿ ಎಂದೆ. ಪ್ರತಿ ಸಲ ಸಾಲು ಬದಲಿಸಿದೆ. ಹಳೆಯ ರೇಡಿಯೋದಲ್ಲಿ 9 ಸರಿ. ನನ್ನ ಹೊಸ ಸ್ಪೀಕರಿನಲ್ಲಿ 11. ಅಷ್ಟೆಲ್ಲ ಮಾಡಿ ಎರಡು ಊರು ಹೆಚ್ಚು.

ಆ ರಾತ್ರಿ ಕರೆಂಟ್ ಹೋಗಿತ್ತು, ಲೆಕ್ಕದ ಪುಸ್ತಕ ತೆರೆದು ಟಾರ್ಚಿನಲ್ಲಿ ಕುಳಿತೆ. ಆಗ ಕಂಡಿತು. ನಾನು ಆರಿಸಿದ ಪದ್ಧತಿಯಲ್ಲಿ ಗಡಿಯ ಹತ್ತಿರ ವೂಫರ್ ಮತ್ತು ಟ್ವೀಟರ್ ಒಂದಕ್ಕೊಂದು ಸರಿಯಾಗಿ ಎದುರು ಹೆಜ್ಜೆಯಲ್ಲಿ ಇರುತ್ತವೆ. ಒಂದು ಗಾಳಿಯನ್ನು ತಳ್ಳುವಾಗ ಇನ್ನೊಂದು ಎಳೆಯುತ್ತದೆ. ಆದ್ದರಿಂದ ಟ್ವೀಟರಿನ ಎರಡು ತಂತಿಯನ್ನು ಅದಲುಬದಲು ಮಾಡಿ ಕೊಡಬೇಕು. ನಾನು ಪ್ಲಸ್‌ಗೆ ಪ್ಲಸ್, ಮೈನಸ್‌ಗೆ ಮೈನಸ್ ಎಂದು ನೀಟಾಗಿ ಜೋಡಿಸಿದ್ದೆ. 2,500 ಹರ್ಟ್ಸಿನಲ್ಲಿ ಎರಡೂ ಸೇರಿ ಒಂದನ್ನೊಂದು ಅಳಿಸುತ್ತಿದ್ದವು. ಮಾತು ಇರುವ ಜಾಗದಲ್ಲೇ ಗುಂಡಿ ತೋಡಿದ್ದೆ.

ಬೆಳಿಗ್ಗೆ ಫೋನಿನಲ್ಲಿ 2,500 ಸ್ವರ ಹಾಕಿ ಕೇಳಿದೆ. ನಿಜ, ಸ್ವರ ಸತ್ತುಹೋಗಿತ್ತು. ತಂತಿ ಬದಲಿಸಿದೆ, ಎದ್ದು ಬಂತು. ಖರ್ಚು ಸೊನ್ನೆ. ಕಟ್ಟುವವರಿಗೆ ಇದು ಒಳ್ಳೆಯ ಪರೀಕ್ಷೆಯೂ ಹೌದು: ಬೇಕೆಂದೇ ತಪ್ಪಾಗಿ ಕೊಟ್ಟಾಗ ಗಡಿಯ ಸ್ವರ ಎಷ್ಟು ಪೂರ್ತಿಯಾಗಿ ಸಾಯುತ್ತದೋ, ಸರಿಯಾಗಿ ಕೊಟ್ಟಾಗ ಎರಡು ಡ್ರೈವರ್ ಅಷ್ಟು ಚೆನ್ನಾಗಿ ಹೊಂದಿವೆ ಎಂದು ಅರ್ಥ.

ಇನ್ನೊಂದು ಬದಲಾವಣೆಯನ್ನು ಬೇಕೆಂದೇ ಮಾಡಿದೆ. ಟ್ವೀಟರ್ 90 ಡೆಸಿಬೆಲಿನದು, ವೂಫರ್ 86. ಸಮ ಮಾಡಲು ರೆಸಿಸ್ಟರ್ ಹಾಕಿ ಟ್ವೀಟರನ್ನು 4 ಡೆಸಿಬೆಲ್ ಇಳಿಸಬೇಕು. ನಾನು 2 ಮಾತ್ರ ಇಳಿಸಿದೆ. ಹೈ ಎಂಡ್ ಕಿವಿಯವರು ಬಂದು ಕೇಳಿದರೆ ಮೇಲಿನ ಸ್ವರ ಚುರುಕು ಎನ್ನುತ್ತಾರೆ. ಸರಿಯೇ. ಆದರೆ ಈ ಸ್ಪೀಕರ್ ಅವರಿಗಾಗಿ ಕಟ್ಟಿದ್ದಲ್ಲ. ಟ್ವೀಟರ್ ನಾನಾ ಕುರ್ಚಿಯಲ್ಲಿ ಕುಳಿತಾಗ ಅವರ ಕಿವಿಯ ಎತ್ತರಕ್ಕೆ ಬರುವಂತೆ ಸ್ಟೂಲ್ ಇಟ್ಟೆ.

ಅದೇ ಸಂಜೆ, ಅಂಥದ್ದೇ ಮಳೆಯಲ್ಲಿ, 20ರಲ್ಲಿ 16. ಸಂಸೆ ಮೊದಲ ಸಲ ಸರಿಯಾಗಿ ಬಂತು. ಎರಡು ಸ, ಊರಿನ ಹೆಸರೇ ಅಷ್ಟು. ಜಾವಳಿ ಮಾತ್ರ ಈಗಲೂ ಅವರಿಗೆ ಬೇರೇನೋ ಕೇಳುತ್ತದೆ. ವಾರ್ತೆ ಮುಗಿದ ಮೇಲೆ "ಥೋಡಾ ಕಮ್ ಕರೋ" ಎಂದರು, ಸ್ವಲ್ಪ ಸಣ್ಣ ಮಾಡು ಎಂದು. ಎರಡು ವರ್ಷದಲ್ಲಿ ಆ ಮಾತನ್ನು ನಾನು ಕೇಳಿರಲಿಲ್ಲ. ಕಿವಿಯ ಯಂತ್ರ ಹಾಕಿಕೊಂಡರೆ ಇನ್ನೂ ಚೆನ್ನಾಗಿರುತ್ತದೆ ಎಂದು ಅಮ್ಮಿ ಹೇಳುತ್ತಲೇ ಇದ್ದಾರೆ, ಅದೂ ಸರಿ. ಸ್ಪೀಕರ್ ಕಿವಿಗೆ ಔಷಧಿಯಲ್ಲ.

ಖರ್ಚು ಕೇಳುವವರಿಗೆ: ವೂಫರ್ ಎರಡು 5,200, ಟ್ವೀಟರ್ ಎರಡು 2,200, ಪ್ಲೈವುಡ್ ಅರ್ಧ ಷೀಟ್ 2,000, ಕೆಪಾಸಿಟರ್ ನಾಲ್ಕು 280, ಕಾಯಿಲ್ ನಾಲ್ಕು 1,000, ರೆಸಿಸ್ಟರ್, ಅಂಟು, ಸ್ಕ್ರೂ, ಒಳಗೆ ತುಂಬುವ ಹತ್ತಿ ಎಲ್ಲ ಸೇರಿ 620. ಒಟ್ಟು 11,300. ಮೊದಲ ವೂಫರಿನ 3,200 ಬೇರೆ. ಅದನ್ನು ನಷ್ಟದ ಕಡೆ ಬರೆಯಬೇಕೋ ಬೇಡವೋ ಎಂದು ಅಕೌಂಟೆನ್ಸಿ ಮೇಡಂ ಅವರನ್ನು ಕೇಳಿದೆ. ಮಾರಾಟವಾಗುವ ತನಕ ಸ್ಟಾಕ್ ಎಂದೇ ತೋರಿಸು ಎಂದರು. ಹಳೆಯ ಕಾರು ಇರುವವರು ಯಾರಾದರೂ ಇದ್ದರೆ ಹೇಳಿ, ಅದಕ್ಕೆ ಸರಿಯಾಗಿ ಹೊಂದುತ್ತದೆ. ಡ್ರೈವರ್ ಅಳೆಯಬೇಕಾದವರು ಶನಿವಾರ ಕ್ಲಾಸ್ ಬಿಟ್ಟ ಮೇಲೆ ಲ್ಯಾಬಿಗೆ ಬನ್ನಿ, ಆ 1,000 ಓಮ್ ರೆಸಿಸ್ಟರ್ ಈಗಲೂ ನನ್ನ ಕಂಪಾಸ್ ಬಾಕ್ಸಿನಲ್ಲಿದೆ.